ಕೂರಲೊಲ್ಲದ ಕಾಲು

ಸೆಪ್ಟೆಂಬರ್ 26, 1994. ಸೋಮವಾರ. ರಾಕ್‌ವಿಲ್.

ಇಂದು ಒಪ್ಪತ್ತು. ಬೆಳಿಗ್ಗೆ ಐದಕ್ಕೆ ಸ್ನಾನ, ಲಿಂಗಪೂಜೆ. ಒಂದು ಲೋಟ ಹಾಲು, ಅಷ್ಟೆ. ಇನ್ನು ಊಟ ಸಂಜೆಗೆ. ಬೇಸ್‌ಮೆಂಟಿನ ಪೂಜೆಕೋಣೆ ಸ್ವಚ್ಛ ಮಾಡಿದೆ. ಗುಡಿಸಲು ಏನಿದೆ, ಎಲ್ಲ ಕಾರ್ಪೆಟ್. ಗುಂಯ್‌ಗುಡುವ ಆ ಯಂತ್ರ ನನಗೆ ಬೇಡ. ಮಂಡಿಯೂರಿ ಕೈಯಿಂದಲೇ ಹೂವಿನ ಎಸಳು, ಅಕ್ಕಿಕಾಳು ಹೆಕ್ಕಿದೆ. ವಿಭೂತಿ ತಟ್ಟೆ ತೊಳೆದಿಟ್ಟೆ. ನನ್ನ ಎರಡು ಕಾವಿ ಸೀರೆ ವಾಷಿಂಗ್ ಮೆಷಿನ್ನಿಗೆ ಹಾಕಿದೆ. ಒಳಗೆ ಮೊದಲೇ ಬಟ್ಟೆ ಇತ್ತು, ನೋಡಲಿಲ್ಲ. ಮನೆಯ ಯಜಮಾನ ಶಿವಶರಣಪ್ಪನವರ ಬಿಳಿ ಅಂಗಿ ಆರು. ಆರೂ ಕಾವಿ ಆದವು.

ಅವರ ಹೆಂಡತಿ ರೇಣುಕಾದೇವಿ ಮೆಟ್ಟಿಲ ಮೇಲೆ ಕೂತು ನಕ್ಕಳು. "ಇನ್ನ ನಮ್ಮ ಮನ್ಯಾಗ ಇಬ್ಬರು ಸನ್ಯಾಸಿಗಳಾದ್ರು ನೋಡ್ರಿ."

ಅವರು ಬನಿಯನ್ನಿನಲ್ಲೇ ನಿಂತಿದ್ದರು. ಸರ್ಕಾರಿ ಆಫೀಸಿನಲ್ಲಿ ಎಂಜಿನಿಯರು. "ನನಗ ಒಂಬತ್ತಕ್ಕ ಮೀಟಿಂಗ್ ಅದ, ಇವಳು ನಗಲಾಕ ಹತ್ಯಾಳ."

ನನ್ನನ್ನು ಶ್ರಾವಣದ ಪ್ರವಚನಕ್ಕೆ ಈ ದೇಶಕ್ಕೆ ಕರೆಸಿದವರು ಅವರೇ. ಆಗಸ್ಟ್ ಹತ್ತಕ್ಕೆ ಬಂದೆ. ಶ್ರಾವಣ ಮುಗಿದು ಮೂರು ವಾರವಾಯಿತು. ಇನ್ನೂ ಕೂತಿದ್ದೇನೆ. ನಲವತ್ತೇಳು ರಾತ್ರಿ ಒಂದೇ ಸೂರು. ನನ್ನ ಗುರು ಗೌರವ್ವ ತಾಯಿ ದೀಕ್ಷೆ ಕೊಟ್ಟ ದಿನ ಹೇಳಿದ್ದು ಒಂದೇ ನಿಯಮ — ಒಂದು ಊರಲ್ಲಿ ಒಂದು ರಾತ್ರಿ, ಕಾಯಿಲೆ ಬಿದ್ದರೆ ಮೂರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ನೆನಪಿಡಲು ಅಷ್ಟೇ ಸಾಕಿತ್ತು. ಇಪ್ಪತ್ತೆಂಟು ವರ್ಷ ನಡೆದಿದ್ದೇನೆ. ಶ್ರೀಶೈಲಕ್ಕೆ ಹನ್ನೊಂದು ಸಲ, ಕಾಶಿಗೆ ಒಂದು ಸಲ. ಕಾಲಿಗೆ ನೋವು ಬಂದದ್ದು ಇಲ್ಲಿ, ಸೋಫಾದ ಮೇಲೆ.

ಡಿಸೆಂಬರಿನಲ್ಲಿ ಅಟ್ಲಾಂಟಾದ ಕನ್ನಡಿಗರಲ್ಲಿ ಪ್ರವಚನವಂತೆ. ವಿಮಾನದ ಟಿಕೆಟ್ ತೆಗೆಸುತ್ತಾರಂತೆ.

ಬೇಡ ಅಂದೆ. ನಡೆದು ಹೋಗುತ್ತೇನೆ ಅಂದೆ.

ಯಾರೂ ನಗಲಿಲ್ಲ.


ಸೆಪ್ಟೆಂಬರ್ 28. ಬುಧವಾರ.

ಊಟದ ಮೇಜಿನ ಸುತ್ತ ಪಂಚಾಯ್ತಿ. ಶುರು ಮಾಡಿದವರು ಶಿವಶರಣಪ್ಪನವರು.

"ಮಾತಾಜಿ, ಇಲ್ಲಿಂದ ಅಟ್ಲಾಂಟಾ ಆರುನೂರ ಐವತ್ತು ಮೈಲಿ ಆಗ್ತದ್ರಿ. ಈ ದೇಶದಾಗ ನಾಯಿ ಅಡ್ಡಾಡಿಸಲಾಕ ಮಂದಿ ನಡೀತಾರ, ಅಷ್ಟ."

"ಹಂಗಾದ್ರ ನಾಯಿ ಪುಣ್ಯ ಮಾಡ್ಯದ" ಅಂದೆ.

"ನಿಮ್ಮ ವೀಸಾದ ಕಾಗದದ ಮ್ಯಾಲ ನನ್ನ ಸಹಿ ಅದ. ಹೆಚ್ಚುಕಮ್ಮಿ ಆದ್ರ ನಿಮ್ಮ ಮಠಕ್ಕ ಏನಂತ ಹೇಳಲಿ?"

"ನಡಕೋತ ಹೋದಳು ಅಂತ ಹೇಳ್ರಿ. ನನ್ನ ಬಗ್ಗೆ ಅವರಿಗೆ ಇದು ಹೊಸ ಸುದ್ದಿ ಅಲ್ಲ."

ಕೆಟ್ಟ ಮನುಷ್ಯ ಅಲ್ಲ. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ನನ್ನ ಕಾಲಿಗೆ ಹಣೆ ಹಚ್ಚುತ್ತಾರೆ. ಅದನ್ನೇ ಕೇಳಿದೆ — ಈ ಕಾಲಿಗೆ ಹಣೆ ಯಾಕೆ ಹಚ್ಚುತ್ತೀರಿ, ನಡೆದ ಕಾಲು ಅಂತ ತಾನೇ? ಮತ್ತೆ ಕಟ್ಟಿಹಾಕಿ ಪೂಜೆ ಮಾಡಿದರೆ ಹೇಗೆ?

ಕೊನೆಗೆ ಒಪ್ಪಂದ. ದಿನಾ ಸಂಜೆ ಫೋನ್ ಮಾಡಬೇಕು. ನಾರ್ತ್ ಕೆರೊಲಿನಾದ ಕೇರಿ ಎಂಬ ಊರಿನಲ್ಲಿ ವಿದ್ಯಾವತಿಯವರ ಮನೆಯಲ್ಲಿ ಇಳಿದು ಅಲ್ಲಿಯ ಮಂದಿಗೆ ಪಾದಪೂಜೆಗೆ ಕೂರಬೇಕು. ಅಟ್ಲಾಂಟಾದಲ್ಲೂ ಅಷ್ಟೆ. ಕೂರುತ್ತೇನೆ ಅಂದೆ. ನಡೆಯಲು ಬಿಟ್ಟರಲ್ಲ ಎಂಬ ಖುಷಿಯಲ್ಲಿ ಅಂದುಬಿಟ್ಟೆ.


ಸೆಪ್ಟೆಂಬರ್ 30. ಶುಕ್ರವಾರ.

ಮಗಳು ಪ್ರತಿಭಾ ಇಂಗ್ಲಿಷಿನಲ್ಲಿ ಒಂದು ಕಾರ್ಡು ಬರೆದು ಪ್ಲಾಸ್ಟಿಕ್ ಹಾಕಿಸಿಕೊಟ್ಟಳು. ಹದಿನಾರರ ಹುಡುಗಿ, ಇಲ್ಲೇ ಹುಟ್ಟಿದವಳು. ಓದಿ ಹೇಳಿದಳು — ನಾನು ಭಾರತದ ಸನ್ಯಾಸಿನಿ. ಅಟ್ಲಾಂಟಾಕ್ಕೆ ನಡೆಯುತ್ತಿದ್ದೇನೆ. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ನಿಮ್ಮ ಜಗಲಿಯಲ್ಲಿ ಒಂದು ರಾತ್ರಿ ಮಲಗಬಹುದೇ? ಕೆಳಗೆ ಈ ಮನೆಯ ಮತ್ತು ಕೇರಿಯ ಫೋನ್ ನಂಬರು.

"ಮಾತಾಜಿ, ಯಾಕೆ ನಡೀಬೇಕು? ಲೈಕ್, ವಾಟ್ಸ್ ದಿ ಪಾಯಿಂಟ್? ಕಾರ್‌ನಲ್ಲಿ ಹೋದ್ರೂ ಅದೇ ಅಟ್ಲಾಂಟಾ."

"ಕಾರಿನ್ಯಾಗ ಹೋದ್ರ ನಡುವ ಯಾರೂ ಸಿಗಂಗಿಲ್ಲ, ತಂಗಿ."

"ಸ್ಟ್ರೇಂಜರ್ಸ್ ಸಿಗ್ತಾರೆ. ಅದು ಗುಡ್ ಥಿಂಗ್ ಅಲ್ಲ."

ಗ್ಯಾರೇಜಿನಿಂದ ಹಿಮದಲ್ಲಿ ಜಾರುವಾಗ ಹಿಡಿಯುವ ಕೋಲು ತಂದುಕೊಟ್ಟಳು. ಹಗುರ, ತುದಿಗೆ ಮೊಳೆ. ಗೌರವ್ವ ತಾಯಿಯ ಬಿದಿರಿನ ಕೋಲಿಗಿಂತ ಚೆನ್ನಾಗಿದೆ — ತಾಯಿ, ತಪ್ಪು ತಿಳಿಯಬೇಡ.


ಅಕ್ಟೋಬರ್ 4. ಮಂಗಳವಾರ. ಒಂದು ಚರ್ಚಿನ ಜಗಲಿ.

ನಾಲ್ಕು ದಿನ. ಐವತ್ತು ಮೈಲಿ ಇರಬಹುದು. ರಾಜಧಾನಿ ದಾಟಿ, ಹೊಳೆ ದಾಟಿ, ಹಳೆಯ ಒಂದನೇ ನಂಬರಿನ ರಸ್ತೆ ಹಿಡಿದಿದ್ದೇನೆ. ಕೆರೊಲಿನಾವರೆಗೂ ಇದೇ.

ನಡೆಯುವವರಿಗೆ ಈ ದೇಶದಲ್ಲಿ ದಾರಿ ಮಾಡಿಲ್ಲ. ರಸ್ತೆಯ ಅಂಚಿನ ಬಿಳಿ ಗೆರೆ, ಅದರಾಚೆ ಒಂದು ಮೊಳ ಜಲ್ಲಿ — ಅದೇ ನನ್ನ ದಾರಿ. ಲಾರಿ ಹೋದರೆ ಸೀರೆ ಪಟಪಟ. ಜಲ್ಲಿಯಲ್ಲಿ ಏನೇನು ಇರುತ್ತದೆ! ಒಂಟಿ ಕೈಗವಸು. ಮಗುವಿನ ಶೂ. ಸತ್ತ ಪ್ರಾಣಿ, ಇಲಿಯ ಮೂತಿ, ಬೆಕ್ಕಿನ ಗಾತ್ರ — ಅದಕ್ಕೆ ಎರಡು ಹಿಡಿ ಮಣ್ಣು ಹಾಕಿ ಮುಂದೆ ನಡೆದೆ.

ಎಲ್ಲರೂ ಕೇಳುವುದು ಒಂದೇ. ಕಾರು ಕೆಟ್ಟಿತಾ? ಪೊಲೀಸನೂ ಅದನ್ನೇ ಕೇಳಿದ. ಕಾರ್ಡು ತೋರಿಸಿದೆ. ಓದಿದ. ಮತ್ತೆ ಓದಿದ. ಟೋಪಿ ತೆಗೆದು ತಲೆ ಕೆರೆದುಕೊಂಡ. ತನ್ನ ಊಟದ ಚೀಲದಿಂದ ಎರಡು ಸೇಬು ತೆಗೆದು ಕೈಗಿಟ್ಟು ಹೋದ.

ಮಧ್ಯಾಹ್ನದ ಹೊತ್ತಿಗೆ ಬರುತ್ತದಲ್ಲ ಆ ಘಳಿಗೆ — ಕಾಲು ತಾನೇ ನಡೆಯುತ್ತದೆ, ನಾನು ಮೇಲೆ ಕೂತು ಹೋಗುವವಳ ಹಾಗೆ. ಉಸಿರು, ಕೋಲು, ಹೆಜ್ಜೆ. ಮಂತ್ರ ಬೇರೆ ಹೇಳಬೇಕಿಲ್ಲ. ಎರಡು ತಿಂಗಳಿನಿಂದ ಕಳೆದುಹೋಗಿತ್ತು. ಇಂದು ಸಿಕ್ಕಿತು. ರಸ್ತೆಬದಿಯಲ್ಲಿ ನಿಂತು ಅತ್ತೆ. ಒಂದು ಕಾರು ನಿಲ್ಲಿಸಿ ಕೇಳಿದರು — ಕಾರು ಕೆಟ್ಟಿತಾ?


ಅಕ್ಟೋಬರ್ 11. ಮಂಗಳವಾರ. ರಿಚ್ಮಂಡ್ ದಾಟಿ.

ಮೋಟೆಲ್ ಒಂದರ ಮುಂದೆ ತುಳಸಿ ಗಿಡ ಕಂಡು ಒಳಗೆ ಹೋದೆ. ಗುಜರಾತಿನವರು. ಕೌಂಟರಿನ ಹೆಂಗಸು ನನ್ನ ಕಂಡು ಬಾಯಿಗೆ ಸೆರಗು ಹಿಡಿದಳು. ಕೋಣೆ ಕೊಟ್ಟಳು, ರೊಟ್ಟಿ ತಟ್ಟಿ ತಂದಳು. ನನ್ನ ಮುರುಕು ಹಿಂದಿ, ಅವಳ ಮುರುಕು ಹಿಂದಿ. ಹನ್ನೆರಡು ವರ್ಷ ಆಯಿತಂತೆ ಈ ದೇಶಕ್ಕೆ ಬಂದು. ಎದುರಿನ ಹೊಲದ ಆಚೆ ಏನಿದೆ ಅಂತ ನೋಡಿಲ್ಲವಂತೆ. ಬೆಳಿಗ್ಗೆ ನನ್ನ ಜೊತೆ ಅರ್ಧ ಮೈಲಿ ನಡೆದಳು, ಚಪ್ಪಲಿ ಹಾಕಿಕೊಂಡೇ. ಹೊಲದ ಆಚೆ ಒಂದು ಕೆರೆ ಇತ್ತು. ನಿಂತು ನೋಡಿದಳು. ತಿರುಗಿ ಹೋದಳು.

ಹೊರಡುವಾಗ ರೇಣುಕಾ ಕೊಡಿಸಿದ ಹೊಸ ಶೂ ಬಲ ಹಿಮ್ಮಡಿಗೆ ತಿಕ್ಕುತ್ತಿದೆ. ಗುಳ್ಳೆ. ಏನೂ ಇಲ್ಲ, ಬೂದಿ ಹಚ್ಚಿದೆ.


ಅಕ್ಟೋಬರ್ 17. ಸೋಮವಾರ. ಒಪ್ಪತ್ತು.

ಗಡಿ ದಾಟಿದೆ, ನಾರ್ತ್ ಕೆರೊಲಿನಾ. ಎಲ್ಲಾ ಪೈನ್ ಮರ.

ಕಾಡಿನ ಅಂಚಿನಲ್ಲಿ ಬಂದೂಕು ಹಿಡಿದವನೊಬ್ಬ ಎದುರಾದ. ಮೈಗೆ ಕಿತ್ತಳೆ ಬಣ್ಣದ ಅಂಗಿ, ತಲೆಗೆ ಕಿತ್ತಳೆ ಟೋಪಿ. ನನ್ನ ಸೀರೆ ನೋಡಿದ, ತನ್ನ ಅಂಗಿ ನೋಡಿಕೊಂಡ. ಹೆಬ್ಬೆರಳೆತ್ತಿ ಏನೋ ಅಂದ. ಸಂಜೆ ಫೋನಿನಲ್ಲಿ ಅವನ ಮಾತನ್ನು ಹಾಗೇ ಒಪ್ಪಿಸಿದಾಗ ಪ್ರತಿಭಾ ಬಿಡಿಸಿ ಹೇಳಿದಳು — ಜಿಂಕೆ ಬೇಟೆಯ ಕಾಲವಂತೆ, ಈ ಬಣ್ಣ ಹಾಕಿದವರನ್ನು ಜಿಂಕೆ ಅಂತ ತಿಳಿದು ಗುಂಡು ಹಾರಿಸುವುದಿಲ್ಲವಂತೆ, "ಒಳ್ಳೇ ಬುದ್ಧಿವಂತೆ" ಅಂದನಂತೆ.

ಇಪ್ಪತ್ತೆಂಟು ವರ್ಷದಲ್ಲಿ ಕಾವಿಯಿಂದ ಇಂಥ ಉಪಯೋಗ ಇದೆ ಎಂದು ಹೇಳಿದವನು ಇವನೊಬ್ಬನೇ.


ಅಕ್ಟೋಬರ್ 23. ಭಾನುವಾರ. ಕೇರಿ. ಸಂಜೆ.

ನಿನ್ನೆ ಬಂದೆ. ವಿದ್ಯಾವತಿ ಮೈಸೂರಿನ ಕಡೆಯವಳು, ಮನೆ ತುಂಬ ಹೂವು ಕಟ್ಟಿಸಿದ್ದಾಳೆ. ಬಾಗಿಲಲ್ಲೇ ಹೇಳಿದೆ — ಹಿಮ್ಮಡಿಯ ಗುಳ್ಳೆ ಒಡೆದಿದೆ, ಹಸಿ ಇದೆ, ಈ ಸಲ ಪಾದಪೂಜೆ ಬೇಡ, ಕೈ ಮುಗಿದರೆ ಸಾಕು.

"ಅಯ್ಯೋ ಮಾತಾಜಿ, ಹಾಗನ್ಬೇಡಿ. ಶಾರ್ಲೆಟ್‌ನಿಂದೆಲ್ಲ ಜನ ಡ್ರೈವ್ ಮಾಡ್ಕೊಂಡು ಬರ್ತಿದ್ದಾರೆ. ಎರಡೇ ಎರಡು ಹನಿ ನೀರು ಹಾಕ್ತೀವಿ."

ಮೂವತ್ತೆರಡು ಸಂಸಾರ. ಒಬ್ಬೊಬ್ಬರದು ಎರಡೆರಡು ಹನಿ. ನೀರು, ಹಾಲು, ಮೊಸರು, ಜೇನು, ಸಕ್ಕರೆ, ಮತ್ತೆ ನೀರು. ಮೇಲೆ ಕುಂಕುಮ, ಹೂವು. ಆಮೇಲೆ ಅದೇ ನೀರನ್ನು ತೀರ್ಥ ಅಂತ ಅಂಗೈಗೆ ಹಾಕಿಸಿಕೊಂಡು ಕುಡಿದರು. ಹತ್ತು ಗಂಟೆಗೆ ಕೂತವಳು ಎದ್ದಾಗ ಎರಡು. ಹಿತ್ತಾಳೆ ತಟ್ಟೆಯಲ್ಲಿ ಕಾಲು ಉಪ್ಪಿನಕಾಯಿಯ ಹಾಗೆ ನೆನೆದಿತ್ತು. ಅಷ್ಟು ಕೈ ಮುಟ್ಟಿದವು, ಒಬ್ಬರೂ "ಇದೇನು ಗಾಯ" ಅನ್ನಲಿಲ್ಲ. ಎಲ್ಲರೂ ಪಾದ ನೋಡಿದರು. ಕಾಲು ಯಾರೂ ನೋಡಲಿಲ್ಲ.

ಏಳಬಹುದಿತ್ತು. ಏಳಲಿಲ್ಲ. ನಾಲ್ಕು ತಾಸು, ಹೌದಲ್ಲ, ನಾನು ದೊಡ್ಡವಳು ಅಂತ ಕೂತಿದ್ದೆ. ಸುಳ್ಳು ಯಾಕೆ ಬರೆಯಲಿ.


ಅಕ್ಟೋಬರ್ 25.

ಕೇರಿ ಬಿಟ್ಟು ಎರಡು ದಿನ. ಎಂಟು ಮೈಲಿ, ಆರು ಮೈಲಿ. ಹಿಮ್ಮಡಿಯಲ್ಲಿ ಯಾರೋ ಬಡಿಗೆಯಿಂದ ಕುಟ್ಟಿದ ಹಾಗೆ. ಶೂ ಹಿಂಬದಿ ಕತ್ತರಿಸಿದೆ. ಫೋನಿನಲ್ಲಿ ರೇಣುಕಾಗೆ ಹೇಳಲಿಲ್ಲ. ಹೇಳಿದರೆ ಕಾರು ಬರುತ್ತದೆ.


ಅಕ್ಟೋಬರ್ 27. ಗುರುವಾರ. ಸ್ಯಾನ್‌ಫರ್ಡ್ ಹತ್ತಿರ.

ಒಬ್ಬ ಮುದುಕಿಯ ಗೇಟಿನ ಮುಂದೆ ಬಿದ್ದೆನಂತೆ. ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಜಗಲಿಯ ಉಯ್ಯಾಲೆ ಮೇಲೆ ಮಲಗಿದ್ದೆ.

ವೆಲ್ಮಾ ಅಂತ ಹೆಸರು. ಕಪ್ಪು ಜನದ ಹೆಂಗಸು, ಎಪ್ಪತ್ತರ ಮೇಲೆ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ — ಸಕ್ಕರೆ ಕಾಯಿಲೆ ತೆಗೆದುಕೊಂಡಿತು. ಎರಡು ಊರುಗೋಲಿನ ಮೇಲೆ ಮನೆಯೆಲ್ಲ ಓಡಾಡುತ್ತಾಳೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಮೈ ಒರೆಸುವ ಕೆಲಸ ಮಾಡಿದವಳು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯಿತು. ಉಳಿದರ್ಧ ಅವಳ ಕೈ ಹೇಳಿತು.

ಕಾಲಿನ ಬಟ್ಟೆ ಬಿಚ್ಚಿದಳು. ಮೂಗು ಮುರಿಯಲಿಲ್ಲ, ಕೈ ಮುಗಿಯಲಿಲ್ಲ. ನೋಡಿದಳು. ಬಗ್ಗಿ ಮೂಸಿದಳು.

"ಹೂ ಡಿಡ್ ದಿಸ್ ಟು ಯೂ?"

"ಮೈ ಪೀಪಲ್" ಅಂದೆ. "ದೇ ಲವ್ ಮೀ."

ಊರುಗೋಲು ಬಿದ್ದುಹೋಗುವಷ್ಟು ನಕ್ಕಳು. ನಗುನಗುತ್ತಲೇ ನನ್ನ ಕಾರ್ಡಿನಲ್ಲಿದ್ದ ಕೇರಿಯ ನಂಬರಿಗೆ ಫೋನ್ ಮಾಡಿದಳು.

ಸಂಜೆ ಡಾಕ್ಟರ್ ಗುರುಸಿದ್ದಪ್ಪ ಬಂದರು, ಕೇರಿಯವರೇ, ಧಾರವಾಡದ ಕಡೆಯವರು. ಭಾನುವಾರ ಇದೇ ಕಾಲಿಗೆ ಜೇನು ಸುರಿದಿದ್ದವರು. ಸೀಳಿ ಕೀವು ತೆಗೆದರು. ಇಂಜೆಕ್ಷನ್.

"ಅವತ್ತ ನೋಡಬೇಕಿತ್ರಿ ಮಾತಾಜಿ. ಡಾಕ್ಟರ್ ಆಗಿ ನಾನು... ಕಣ್ಣ ಮುಚ್ಚಿಕೊಂಡಿದ್ದೆ."

"ಭಕ್ತಿ ಇತ್ತು" ಅಂದೆ.

"ಇನ್ನ ನಾಕು ವಾರ ಹೆಜ್ಜಿ ಇಡಂಗಿಲ್ಲ. ಇಟ್ರ ಕಾಲ ಹೋಗ್ತದ. ಚಾಷ್ಟಿ ಅಲ್ರಿ."

ವೆಲ್ಮಾಳ ಖಾಲಿ ಕಾಲಿನ ಕಡೆ ನನ್ನ ಕಣ್ಣು ಹೋಯಿತು. ನಾನು ನೋಡಿದ್ದನ್ನು ಅವಳು ನೋಡಿದಳು. "ಮ್ಮ್-ಹ್ಮ್" ಅಂದಳು.


ಅಕ್ಟೋಬರ್ 30. ಭಾನುವಾರ.

ಒಂದೇ ಸೂರಿನಲ್ಲಿ ಮೂರು ರಾತ್ರಿ. ಕಾಯಿಲೆಗೆ ಮೂರು — ಲೆಕ್ಕ ಸರಿಯಿದೆ, ತಾಯಿ.

ಇಂದು ವೆಲ್ಮಾ ತನ್ನ ಚರ್ಚಿಗೆ ಕರೆದೊಯ್ದಳು. ಪಕ್ಕದ ಮನೆಯವನ ಟ್ರಕ್ಕಿನ ಹಿಂದೆ ಕುರ್ಚಿ ಹಾಕಿ ಇಬ್ಬರನ್ನೂ ಕೂರಿಸಿದರು. ಹಲಗೆಯ ಪುಟ್ಟ ಚರ್ಚು. ಹಾಡು ಮುಗಿದ ಮೇಲೆ ಬೋಗುಣಿಗಳನ್ನು ತಂದರು, ಬಿಳಿ ಟವೆಲು ತಂದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಶೂ ಬಿಚ್ಚಿ ಒಬ್ಬರ ಕಾಲನ್ನು ಒಬ್ಬರು ತೊಳೆಯಲು ಕೂತರು. ನಾನು ನೋಡುತ್ತಲೇ ಉಳಿದೆ. ಸಾವಿರಾರು ಮೈಲಿ ದೂರ ಬಂದು ಪಾದಪೂಜೆ!

ಪಾದಪೂಜೆ ಅಲ್ಲ. ತೊಳೆದವಳು ಎದ್ದು ಕುರ್ಚಿಯಲ್ಲಿ ಕೂರುತ್ತಾಳೆ, ತೊಳೆಸಿಕೊಂಡವಳು ನೆಲಕ್ಕಿಳಿಯುತ್ತಾಳೆ. ಯಾರೂ ಕೂತೇ ಇರುವುದಿಲ್ಲ.

ನನ್ನ ಕಾಲಿಗೆ ಪಟ್ಟಿ, ನೀರು ತಾಗಿಸುವಂತಿಲ್ಲ. ವೆಲ್ಮಾ ತನ್ನ ಬಲಗಾಲು ಮುಂದೆ ಚಾಚಿದಳು. ಹುಬ್ಬೇರಿಸಿದಳು — ಏನು, ತೊಳೆಯುತ್ತೀಯಾ?

ಗೌರವ್ವ ತಾಯಿ ಹೋದ ಮೇಲೆ ಇನ್ನೊಬ್ಬರ ಕಾಲು ಮುಟ್ಟಿದವಳಲ್ಲ ನಾನು. ಹತ್ತೊಂಬತ್ತು ವರ್ಷ. ಕೊರಳಲ್ಲಿ ಲಿಂಗ ಇತ್ತು. ಅದನ್ನು ಒಮ್ಮೆ ಮುಟ್ಟಿಕೊಂಡು ನೆಲಕ್ಕಿಳಿದೆ. ಒಡೆದ ಹಿಮ್ಮಡಿ, ಗಂಟು ಬೆರಳು, ಇಡೀ ಮೈ ಹೊತ್ತ ಒಂದೇ ಕಾಲು. ತೊಳೆದೆ. ಬೆರಳ ಸಂದಿಯೂ ಬಿಡದೆ ಒರೆಸಿದೆ. ಅವಳು ನನ್ನ ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಅಂದಳು — ನಿನ್ನದು ಬಾಕಿ. ವಾಸಿಯಾದ ಮೇಲೆ ಬಾ. ಜನವರಿಯಲ್ಲಿ ಮತ್ತೆ ತೊಳೆಯುತ್ತೇವೆ.

ತಲೆಯೆತ್ತಿದರೆ ಬಾಗಿಲಲ್ಲಿ ಶಿವಶರಣಪ್ಪನವರು. ಡಾಕ್ಟರು ಫೋನ್ ಮಾಡಿ ತಿಳಿಸಿದ್ದರಂತೆ. ಕೈಯಲ್ಲಿ ಕಾರಿನ ಕೀಲಿ. ಮುಖ ಸುಣ್ಣ.

ಕಾರು ಹತ್ತಿಸಿದರು. ಕೋಲು ವೆಲ್ಮಾಳ ಜಗಲಿಯಲ್ಲೇ ಉಳಿಯಿತು. ಇಪ್ಪತ್ತೇಳು ದಿನ ನಡೆದದ್ದು ಐದೂವರೆ ತಾಸಿನಲ್ಲಿ ಕಿಟಕಿಯ ಹೊರಗೆ ಹಿಂದಕ್ಕೆ ಓಡಿತು. ರಿಚ್ಮಂಡ್ ಹತ್ತಿರ ಒಂದೇ ಮಾತು ಆಡಿದರು.

"ನಿಮ್ಮ ಕಾಲ ನಾವು ತೊಳೀತೀವಿ ಮಾತಾಜಿ. ನೀವು ಹೋಗಿ ಅವರ ಕಾಲ..."

"ತೊಳೆದಾಕಿ ಆಮ್ಯಾಲ ಕುರ್ಚಿ ಮ್ಯಾಲ ಕೂಡತಾಳ, ಶಿವಶರಣಪ್ಪನವರೇ. ನಿಮಗ ಕೂಡ್ರಿ ಅಂತ ಯಾವತ್ತರ ಅಂದೀನೇನು ನಾನು?"




ನವೆಂಬರ್ 14. ಸೋಮವಾರ. ರಾಕ್‌ವಿಲ್.

ಎರಡು ವಾರ ಜ್ವರ, ಮಾತ್ರೆ, ನಿದ್ದೆ. ದೀಪಾವಳಿ ಹೋಯಿತಂತೆ. ಒಪ್ಪತ್ತು ಮಾಡಬಾರದು ಎಂದು ಡಾಕ್ಟರ ಅಪ್ಪಣೆ, ಇವತ್ತು ಮಾಡಿದೆ.

ನನ್ನ ಮಠದ ಹಿರಿಯ ಸ್ವಾಮಿಗಳಾದ ಅಪ್ಪನವರಿಂದ ಫ್ಯಾಕ್ಸ್ ಬಂದಿದೆ. ಶಿವಶರಣಪ್ಪನವರೇ ಎಲ್ಲ ಬರೆದು ತಿಳಿಸಿದ್ದರು. ಮುಚ್ಚಿಡಲಿಲ್ಲ, ತಾವೇ ಕೈಗೆ ತಂದುಕೊಟ್ಟು ತಲೆತಗ್ಗಿಸಿ ನಿಂತರು. ಸಾರ ಇಷ್ಟು — ಇನ್ನು ನಡಿಗೆ ಸಾಕು. ರಾಕ್‌ವಿಲ್‌ನಲ್ಲಿ ಮಾಡುವ ಹೊಸ ಕೇಂದ್ರಕ್ಕೆ ನೀನೇ ಮುಖ್ಯಸ್ಥೆ, ಅಲ್ಲೇ ಕೂರಬೇಕು. ಕೂರುವುದಿಲ್ಲ ಎಂದಾದರೆ ಕಾವಿ ಬಿಚ್ಚಿಟ್ಟು ಊರಿಗೆ ಮರಳತಕ್ಕದ್ದು. ತಿಂಗಳೊಳಗೆ ಸ್ವಹಸ್ತಾಕ್ಷರದ ಉತ್ತರ ಬೇಕು.

ಮೂರು ಸಲ ಓದಿದೆ. ಕಾಲು ನೋಡಿದೆ. ಪಟ್ಟಿಯೊಳಗೆ ಅದು ತನ್ನ ಪಾಡಿಗೆ ಮಿಡಿಯುತ್ತಿತ್ತು.


ನವೆಂಬರ್ 19.

ವೆಲ್ಮಾಳಿಂದ ಕಾರ್ಡು. ಪ್ರತಿಭಾ ಓದಿದಳು. "ನಿನ್ನ ಕೋಲು ನನ್ನ ಜಗಲಿಯಲ್ಲಿದೆ. ಒಂಟಿ ಕಾಲಿನವಳಿಗೆ ಇದರ ಉಪಯೋಗ ಚೆನ್ನಾಗಿ ಗೊತ್ತು, ಆದರೂ ಮುಟ್ಟಿಲ್ಲ."

"ಶೀ ಈಸ್ ಫನಿ" ಅಂದಳು ಪ್ರತಿಭಾ. "ಮಾತಾಜಿ, ವಾಪಸ್ ಹೋಗ್ತೀರಾ?"

ಗೊತ್ತಿಲ್ಲ ಅಂದೆ. ಹಾಗೆ ಹೇಳಿದ್ದು ಇದೇ ಮೊದಲು.


ನವೆಂಬರ್ 24. ಗುರುವಾರ.

ಇಲ್ಲಿ ಹಬ್ಬದ ರಜೆ. ರಸ್ತೆಯಲ್ಲಿ ಒಂದು ಕಾರೂ ಇಲ್ಲ.

ಮಧ್ಯಾಹ್ನ ರೇಣುಕಾ ಕಾಲಿಗೆ ಮುಲಾಮು ಹಚ್ಚುತ್ತ ಕೂತಿದ್ದಳು. ನಮ್ಮದು ಒಂದೇ ಹೋಬಳಿ. ಇಬ್ಬರೇ ಇದ್ದಾಗ ಹೆಸರು ಹಿಡಿದು ಕರೆಯುತ್ತಾಳೆ.

"ಶಿವಕ್ಕಾ, ಕೂತು ಬಿಡು ಅವ್ವಾ. ಐವತ್ತಾತು. ಯಾರರ ನೋಡಿಕೊಳ್ಳೋರು ಬೇಕಲ್ಲ? ಕಾವಿ ಬಿಟ್ಟು ಊರಿಗೆ ಹೋದ್ರ ಮಂದಿ ಬಾಯಿಗೆ ಏನ್ ಉತ್ತರ ಕೊಡ್ತಿ?"

ನಿಜ. ಇಪ್ಪತ್ತೆರಡಕ್ಕೆ ಉಟ್ಟ ಬಟ್ಟೆ. ಗೌರವ್ವ ತಾಯಿ ತನ್ನ ಕೈಯಾರೆ ಅದ್ದಿ ಕೊಟ್ಟದ್ದು. ಅದಿಲ್ಲದ ನಾನು ಹೇಗಿರುತ್ತೇನೆ ಎಂದು ನೋಡಿಕೊಂಡೇ ಇಲ್ಲ. ಅಂಜಿಕೆ ಬಂತು. ನಡುದಾರಿಯಲ್ಲಿ ಲಾರಿ ಬಂದರೂ ಬಾರದ ಅಂಜಿಕೆ.

ಬರೆದೆ. ಮೂರೇ ಸಾಲು. ಅಪ್ಪನವರ ಪಾದಗಳಿಗೆ ಶರಣು. ಅಪ್ಪಣೆಯಂತೆ ಕೂರುತ್ತೇನೆ. ನಡಿಗೆ ಬಿಟ್ಟಿದ್ದೇನೆ. ಅಂಟಿಸಿ ಶಿವಶರಣಪ್ಪನವರ ಕೈಗೆ ಕೊಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ.


ನವೆಂಬರ್ 26. ಶನಿವಾರ. ಬೆಳಿಗ್ಗೆ ಹತ್ತೂವರೆ.

ನಿನ್ನೆಯದು ಬರೆಯಬೇಕು. ನಿನ್ನೆ ಬರೆಯಲು ಆಗಲಿಲ್ಲ.

ರಜೆ ಅಂತ ನಲವತ್ತು ಸಂಸಾರ ಸೇರಿದ್ದವು, ಬೇಸ್‌ಮೆಂಟು ಕಿಕ್ಕಿರಿದಿತ್ತು. ಶಿವಶರಣಪ್ಪನವರು ಕೆಂಪು ಮಖಮಲ್ಲಿನ ಪೆಟ್ಟಿಗೆ ಹೊತ್ತು ತಂದರು. ತೆರೆದರು. ಬೆಳ್ಳಿಯ ಪಾದಗಳು. ಬೆಂಗಳೂರಿನಿಂದ ಯಾರದೋ ಕೈಯಲ್ಲಿ ತರಿಸಿದ್ದು. ಹತ್ತು ಬೆರಳು, ಉಗುರು, ಗೆರೆ, ಎಲ್ಲ ಇವೆ. ಹಿಮ್ಮಡಿ ನುಣ್ಣಗೆ.

"ಕೇರ್ಯಾಗ ಆದ ತಪ್ಪು ನಮ್ಮಿಂದ ಇನ್ನೊಮ್ಮೆ ಆಗಬಾರದು. ಇನ್ನ ಮ್ಯಾಲ ಅಭಿಷೇಕ ಎಲ್ಲಾ ಇದಕ್ಕ. ಮಾತಾಜಿ ಕಾಲಿಗೆ ತ್ರಾಸಿಲ್ಲ." ಪ್ರೀತಿಯಿಂದಲೇ ಮಾಡಿಸಿದ್ದು, ಅದರಲ್ಲಿ ಸುಳ್ಳಿಲ್ಲ.

ಪೀಠದ ಮೇಲೆ ಬೆಳ್ಳಿ ಪಾದ ಇಟ್ಟರು. ಪಕ್ಕದ ಕುರ್ಚಿಯಲ್ಲಿ ನಾನು. ಸಾಲು ಹಚ್ಚಿ ಬಂದರು. ಹಾಲು, ಮೊಸರು, ಜೇನು. ಹಣೆ ಹಚ್ಚಿದರು, ಅತ್ತರು, ಬೇಡಿಕೊಂಡರು. ನೂರು ಮಂದಿ. ನನ್ನ ಕಡೆ ನೋಡುವುದನ್ನು ಮೊದಲ ಹತ್ತು ಜನ ಮರೆಯಲಿಲ್ಲ. ಆಮೇಲಿನವರಿಗೆ ನೆನಪಾಗಲಿಲ್ಲ. ಕೊನೆಗೆ ಗೊಂಬೆಯಂಥ ಒಬ್ಬಳು ಕ್ಯಾಮೆರಾ ಹಿಡಿದು ಬಗ್ಗಿ, ತುಂಬಾ ಮರ್ಯಾದೆಯಿಂದ:

"ಮಾತಾಜಿ, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಪಾದದ ಮೇಲೆ ನಿಮ್ಮ ಶ್ಯಾಡೋ ಬೀಳ್ತಿದೆ."

ಸರಿದೆ. ಕುರ್ಚಿಯ ಸಮೇತ ಸರಿದೆ. ಇನ್ನೂ ಸ್ವಲ್ಪ ಅಂದಳು. ಗೋಡೆಯವರೆಗೂ ಸರಿದೆ.

ಗೋಡೆಗೆ ಒರಗಿ ಕೂತಾಗ ನಗು ಬಂತು. ಆ ಮುದುಕಿ ಊರುಗೋಲು ಬೀಳಿಸಿ ನಕ್ಕಳಲ್ಲ, ಆ ನಗು. ಸೆರಗು ಬಾಯಿಗೆ ತುರುಕಿಕೊಂಡೆ. ಮಾತಾಜಿಗೆ ಭಾವ ಉಕ್ಕಿತು ಎಂದು ಯಾರೋ ನೀರು ತಂದುಕೊಟ್ಟರು.

ಇಂದು ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡಿದೆ. ಹೊಸ ಚರ್ಮ, ಮಗುವಿನ ಕೆನ್ನೆಯ ಬಣ್ಣ. ಡಾಕ್ಟರು ಹೇಳಿದ ನಾಲ್ಕು ವಾರ ಮೊನ್ನೆಗೆ ಮುಗಿಯಿತು. ಮೇಲಿನ ಹಜಾರದಲ್ಲಿ ಗೋಡೆ ಹಿಡಿದು ನಡೆದೆ. ಹತ್ತು ಸುತ್ತು. ಗೋಡೆ ಬಿಟ್ಟು ನಲವತ್ತು. ನೋವಿದೆ. ನಡೆಯುವ ನೋವು, ಕೂರುವ ನೋವಲ್ಲ. ಎರಡರ ರುಚಿ ಬೇರೆ, ನನಗೆ ಗೊತ್ತು.

ಕೂರಲು ಒಂದು ಜೊತೆ ಪಾದ ಬೇಕಿತ್ತು. ಬಂದಿದೆ. ಕೂತಿದೆ. ನನಗಿಂತ ಚೆನ್ನಾಗಿ ಕೂತಿದೆ. ಗುಳ್ಳೆ ಇಲ್ಲ, ಹಠ ಇಲ್ಲ, ನೆರಳಿಲ್ಲ. ಇನ್ನು ಈ ಎರಡು ಇಲ್ಲಿ ಯಾಕೆ?

ಕಾವಿ ಬೇಕೆಂದರೆ ಅಪ್ಪನವರು ತೆಗೆದುಕೊಳ್ಳಲಿ. ಬಿಳಿ ಸೀರೆ ಉಟ್ಟು ನಡೆಯುತ್ತೇನೆ. ಜಿಂಕೆ ಬೇಟೆ ಮುಗಿಯುವ ತನಕ ಶಿವಶರಣಪ್ಪನವರ ಆ ಆರು ಅಂಗಿಯಲ್ಲಿ ಒಂದನ್ನು ಕೇಳಿ ಮೇಲೆ ಹಾಕಿಕೊಂಡರಾಯಿತು. ಎಷ್ಟು ಒಗೆದರೂ ಬಣ್ಣ ಬಿಟ್ಟಿಲ್ಲವಂತೆ. ತಾಯಿ ಕೊಟ್ಟದ್ದು ಬಣ್ಣವೋ ನಿಯಮವೋ — ಕೇಳಿದರೆ ಅದನ್ನೇ ಬರೆದು ಕಳಿಸುತ್ತೇನೆ. ವೆಲ್ಮಾಳ ಜಗಲಿಯಿಂದ ಶುರು, ಬಿದ್ದಲ್ಲಿಂದಲೇ. ಜನವರಿಗೆ ಕಾಲು ತೊಳೆಸಿಕೊಂಡು, ಆಮೇಲೆ ಅಟ್ಲಾಂಟಾ. ಡಿಸೆಂಬರಿನ ಪ್ರವಚನಕ್ಕೆ ಬೆಳ್ಳಿ ಪಾದ ಕಳಿಸಲಿ, ವಿಮಾನದಲ್ಲೇ.

ಆದರೆ ಆ ಕಾಗದ!

ಕಿಟಕಿಯಿಂದ ಕಾಣುತ್ತಿದೆ. ರಸ್ತೆಬದಿಯ ಟಪಾಲು ಡಬ್ಬಿ, ಒಯ್ಯುವ ಕಾಗದ ಒಳಗಿದೆ ಎಂಬ ಗುರುತಿನ ಕೆಂಪು ಬಾವುಟ ಇನ್ನೂ ಮೇಲೆ. ನಿನ್ನೆ ಸಂಜೆ ಶಿವಶರಣಪ್ಪನವರೇ ಒಳಗಿಟ್ಟು ಎತ್ತಿದ್ದು. ಒಯ್ದಿಲ್ಲ. ಮೂಲೆಯಲ್ಲಿ ಟಪಾಲಿನವನ ಬಿಳಿ ಗಾಡಿ ತಿರುಗಿತು. ಎದುರಿನ ಸಾಲಿನ ಮೂರನೇ ಮನೆ. ನಾಲ್ಕನೇ ಮನೆ... ಇಷ್ಟು ಮೆಟ್ಟಿಲು ಈ ಕಾಲು ಈಗಲೇ ಓಡಿ ಇಳಿಯಲಾರದು. ಪ್ರತಿಭಾ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದಾಳೆ. ಕಿಟಕಿ ಎತ್ತಿದೆ, ಕೂಗುತ್ತಿದ್ದೇನೆ, ಅಕ್ಷರ ಸೊಟ್ಟ —

ಪ್ರತಿಭಾ! ಪ್ರತಿಭಾ! ಓಡು ತಂಗಿ, ಡಬ್ಬಿಯಾಗ ನನ್ನ ಉತ್ತರ ಅದ, ಅವ ಬರೂದ್ರಾಗ ಅದನ್ನ ತಗೊಂಡು ಬಾ —